ಕ್ಲೋಸ್ ಎಂಡೆಡ್ ಫಂಡ್ ಮತ್ತು ವಿಭಜಿತ ಷೇರು ನಿಧಿ

ಕ್ಲೋಸ್ ಎಂಡೆಡ್ ಫಂಡ್ ಎಂದರೆ ಸಾರ್ವಜನಿಕರಿಂದ ನಿಗದಿತ ಅವಧಿಯಲ್ಲಿ ಒಮ್ಮೆ ಹಣ ಸಂಗ್ರಹಿಸಿ, ಬಳಿಕ ಹೊಸ ಹೂಡಿಕೆಗೂ ಮರುಖರೀದಿಗೂ ಬಾಗಿಲು ಮುಚ್ಚುವ ಸಾಮೂಹಿಕ ಹೂಡಿಕೆ ನಿಧಿ. ಇದರ ಯುನಿಟ್‌ಗಳನ್ನು ನಿಧಿಯು ಹಿಂದಕ್ಕೆ ಕೊಳ್ಳುವುದಿಲ್ಲ. ಹಣ ಬೇಕಾದವರು ಷೇರು ವಿನಿಮಯ ಕೇಂದ್ರದಲ್ಲಿ ಬೇರೊಬ್ಬರಿಗೆ ಮಾರಬೇಕು, ಇಲ್ಲವೇ ಅವಧಿ ಮುಗಿಯುವವರೆಗೆ ಕಾಯಬೇಕು. ಯಾವ ದಿನವಾದರೂ ಸೇರಿ ಯಾವ ದಿನವಾದರೂ ಹೊರಬರಬಹುದಾದ ಓಪನ್ ಎಂಡೆಡ್ ಫಂಡ್‌ಗಿಂತ ಇದು ಭಿನ್ನ. ಇಂತಹ ನಿಧಿಯೊಂದರ ಒಡೆತನವನ್ನು ಸ್ಥಿರ ಲಾಭಾಂಶ ಪಡೆಯುವ ಆದ್ಯತಾ ಷೇರು ಮತ್ತು ಉಳಿದುದೆಲ್ಲವನ್ನೂ ಪಡೆಯುವ ಬಂಡವಾಳ ಷೇರು ಎಂದು ಎರಡಾಗಿ ಸೀಳಿದರೆ ಅದನ್ನು ವಿಭಜಿತ ಷೇರು ನಿಧಿ ಎನ್ನುತ್ತಾರೆ. ಕೆನಡಾ ಮತ್ತು ಬ್ರಿಟನ್‌ಗಳಲ್ಲಿ ಈ ರೂಪ ಬಳಕೆಯಲ್ಲಿದೆ. ಭಾರತದ ಮ್ಯೂಚುವಲ್ ಫಂಡ್‌ಗಳಲ್ಲಿ ಇದು ಇಲ್ಲ.

ನಿವೃತ್ತರು ಮತ್ತು ನಿಯಮಿತ ವರಮಾನ ಬಯಸುವವರು ಈ ನಿಧಿಗಳನ್ನು ಅವು ಹಂಚುವ ಹಣದ ಶೇಕಡಾವಾರು ಪ್ರಮಾಣ ನೋಡಿ ಆರಿಸುವುದು ಸಾಮಾನ್ಯ. ಆದರೆ ನಿಧಿಯು ಹಂಚುವ ಹಣವೆಲ್ಲವೂ ಗಳಿಕೆಯಾಗಿರಬೇಕೆಂದಿಲ್ಲ. ಅದರಲ್ಲಿ ಹೂಡಿಕೆದಾರನ ಅಸಲಿನ ಭಾಗವೂ ಸೇರಿರಬಹುದು. ಆದಾಯದ ಹೂಡಿಕೆಯಾಗಿ ಇವುಗಳನ್ನು ತೂಗಿ ನೋಡುವಾಗ ಈ ವ್ಯತ್ಯಾಸವೇ ಮುಖ್ಯ.

ರಚನೆ ಮತ್ತು ಬೆಲೆ

ಕ್ಲೋಸ್ ಎಂಡೆಡ್ ಫಂಡ್‌ನ ಯುನಿಟ್‌ಗೆ ಎರಡು ಬೆಲೆಗಳಿರುತ್ತವೆ. ನಿಧಿಯ ಬಳಿ ಇರುವ ಷೇರು, ಸಾಲಪತ್ರ ಮುಂತಾದವುಗಳ ಮೌಲ್ಯದಿಂದ ಸಾಲ ಮತ್ತು ವೆಚ್ಚಗಳನ್ನು ಕಳೆದು, ಯುನಿಟ್‌ಗಳ ಸಂಖ್ಯೆಯಿಂದ ಭಾಗಿಸಿದರೆ ಬರುವುದು ನಿವ್ವಳ ಆಸ್ತಿ ಮೌಲ್ಯ ಅಥವಾ ಎನ್‌ಎವಿ. ವಿನಿಮಯ ಕೇಂದ್ರದಲ್ಲಿ ಕೊಳ್ಳುವವರೂ ಮಾರುವವರೂ ಒಪ್ಪುವ ಬೆಲೆ ಮತ್ತೊಂದು. ಮಾರುಕಟ್ಟೆ ಬೆಲೆ ಎನ್‌ಎವಿಗಿಂತ ಕಡಿಮೆಯಿದ್ದರೆ ಯುನಿಟ್ ಡಿಸ್ಕೌಂಟ್‌ನಲ್ಲಿದೆ ಎಂದೂ, ಹೆಚ್ಚಿದ್ದರೆ ಪ್ರೀಮಿಯಂನಲ್ಲಿದೆ ಎಂದೂ ಹೇಳಲಾಗುತ್ತದೆ.

ಡಿಸ್ಕೌಂಟ್ ಉಂಟಾಗಲು ಹಲವು ಕಾರಣಗಳಿವೆ. ನಿಧಿಯು ಪ್ರತಿವರ್ಷ ನಿರ್ವಹಣಾ ಶುಲ್ಕವನ್ನು ಆಸ್ತಿಯಿಂದಲೇ ತೆಗೆದುಕೊಳ್ಳುತ್ತದೆ. ಯುನಿಟ್‌ಗಳ ವಹಿವಾಟು ವಿರಳವಾಗಿರುತ್ತದೆ. ನಿರ್ವಾಹಕರ ಸಾಮರ್ಥ್ಯದ ಬಗ್ಗೆ ಮಾರುಕಟ್ಟೆಗೆ ಸಂದೇಹವಿರಬಹುದು. ಅವಧಿ ಮುಗಿಯಲು ಹಲವು ವರ್ಷಗಳು ಬಾಕಿಯಿದ್ದಾಗ ಡಿಸ್ಕೌಂಟ್ ದೊಡ್ಡದಾಗಿರುವುದುಂಟು. ಮುಕ್ತಾಯ ಸಮೀಪಿಸಿದಂತೆ ಎರಡು ಬೆಲೆಗಳೂ ಹತ್ತಿರವಾಗುತ್ತವೆ. ಆರಂಭದಲ್ಲಿ ಪೂರ್ಣ ಬೆಲೆ ತೆತ್ತು ಕೊಂಡವನಿಗೆ ಡಿಸ್ಕೌಂಟ್ ನಷ್ಟ. ಬಳಿಕ ಮಾರುಕಟ್ಟೆಯಲ್ಲಿ ಕೊಳ್ಳುವವನಿಗೆ ಅದು ಅನುಕೂಲ. ₹100 ಎನ್‌ಎವಿಯ ನಿಧಿ ವೆಚ್ಚ ಕಳೆದು ₹6 ಗಳಿಸುತ್ತಿದ್ದು, ಯುನಿಟ್ ₹80ಕ್ಕೆ ದೊರೆತರೆ ಕೊಂಡವನ ವರಮಾನ ಶೇ 7.5 ಆಗುತ್ತದೆ.

ಬಾಗಿಲು ಮುಚ್ಚಿರುವುದರಿಂದ ನಿರ್ವಾಹಕರಿಗೆ ಒಂದು ಅನುಕೂಲವಿದೆ. ಹೂಡಿಕೆದಾರರು ಹೆದರಿ ಹಣ ಕೇಳಿದಾಗ ಒಳ್ಳೆಯ ಆಸ್ತಿಗಳನ್ನು ಸಿಕ್ಕ ಬೆಲೆಗೆ ಮಾರಬೇಕಾದ ಒತ್ತಡ ಅವರ ಮೇಲೆ ಬೀಳುವುದಿಲ್ಲ. ರಸ್ತೆ, ವಿದ್ಯುತ್ ಮಾರ್ಗ, ಕಟ್ಟಡಗಳಂತಹ ಸುಲಭವಾಗಿ ಮಾರಲಾಗದ ಆಸ್ತಿಗಳಿಗೆ ಈ ರೂಪವೇ ಒಗ್ಗುತ್ತದೆ.

ಇತಿಹಾಸ

ಲಂಡನ್‌ನಲ್ಲಿ 1868ರಲ್ಲಿ ಸ್ಥಾಪನೆಯಾದ ಫಾರಿನ್ ಅಂಡ್ ಕಲೋನಿಯಲ್ ಗವರ್ನಮೆಂಟ್ ಟ್ರಸ್ಟ್ ಈ ಬಗೆಯ ಹಳೆಯ ನಿಧಿಗಳಲ್ಲಿ ಪ್ರಸಿದ್ಧವಾದುದು. ಸಾಮಾನ್ಯ ಹೂಡಿಕೆದಾರನೂ ಹಲವು ದೇಶಗಳ ಸರ್ಕಾರಿ ಸಾಲಪತ್ರಗಳಲ್ಲಿ ಪಾಲು ಪಡೆದು ಬಡ್ಡಿಯ ವರಮಾನ ಗಳಿಸಲಿ ಎಂಬುದು ಅದರ ಉದ್ದೇಶವಾಗಿತ್ತು. ಅಮೆರಿಕದಲ್ಲಿ ಸಾಲ ಮಾಡಿ ಷೇರು ಕೊಂಡಿದ್ದ ಅನೇಕ ಕ್ಲೋಸ್ ಎಂಡೆಡ್ ಫಂಡ್‌ಗಳು 1929ರ ಕುಸಿತದಲ್ಲಿ ನೆಲಕಚ್ಚಿದವು. 1940ರ ಹೂಡಿಕೆ ಕಂಪನಿಗಳ ಕಾಯ್ದೆಯು ಅವು ಮಾಡಬಹುದಾದ ಸಾಲಕ್ಕೆ ಮಿತಿ ಹಾಕಿತು.

ಭಾರತದಲ್ಲಿ ಯೂನಿಟ್ ಟ್ರಸ್ಟ್ ಆಫ್ ಇಂಡಿಯಾ 1964ರಲ್ಲಿ ಕಾರ್ಯಾರಂಭ ಮಾಡಿತು. ಅದರ ಮೊದಲ ಯೋಜನೆ ಯುಎಸ್-64 ಓಪನ್ ಎಂಡೆಡ್ ಸ್ವರೂಪದ್ದು. 1986ರಲ್ಲಿ ಬಂದ ಮಾಸ್ಟರ್‌ಶೇರ್ ಆರಂಭದಲ್ಲಿ ಕ್ಲೋಸ್ ಎಂಡೆಡ್ ಆಗಿದ್ದು, ಮುಂದೆ ಓಪನ್ ಎಂಡೆಡ್ ಆಯಿತು. 1987ರಿಂದ ಸಾರ್ವಜನಿಕ ವಲಯದ ಬ್ಯಾಂಕುಗಳು ಮ್ಯೂಚುವಲ್ ಫಂಡ್ ಕ್ಷೇತ್ರವನ್ನು ಪ್ರವೇಶಿಸಿದವು. ಬೆಂಗಳೂರಿನಲ್ಲಿ ಪ್ರಧಾನ ಕಚೇರಿಯಿರುವ ಕೆನರಾ ಬ್ಯಾಂಕ್ ಆ ವರ್ಷವೇ ಕ್ಯಾನ್‌ಬ್ಯಾಂಕ್ ಮ್ಯೂಚುವಲ್ ಫಂಡ್ ಸ್ಥಾಪಿಸಿತು. ಆ ಕಾಲದ ಹಲವು ಯೋಜನೆಗಳು ಖಚಿತ ಪ್ರತಿಫಲದ ಭರವಸೆಯೊಂದಿಗೆ ಮಾರಾಟವಾದವು. ಮಾರುಕಟ್ಟೆ ಕೈಕೊಟ್ಟಾಗ ಕೊರತೆಯನ್ನು ಪ್ರವರ್ತಕ ಸಂಸ್ಥೆಗಳು ತುಂಬಿಕೊಡಬೇಕಾದ ಪ್ರಸಂಗಗಳು ಒದಗಿದವು.

1994ರ ಜನವರಿಯಲ್ಲಿ ಬಂದ ಮಾರ್ಗನ್ ಸ್ಟ್ಯಾನ್ಲಿ ಗ್ರೋತ್ ಫಂಡ್ ಭಾರತದ ಕ್ಲೋಸ್ ಎಂಡೆಡ್ ಫಂಡ್‌ಗಳ ಇತಿಹಾಸದಲ್ಲಿ ಬಹಳ ಚರ್ಚೆಗೊಳಗಾದ ಉದಾಹರಣೆ. 15 ವರ್ಷಗಳ ಅವಧಿಯ ಈ ನಿಧಿ ಹತ್ತು ಲಕ್ಷಕ್ಕೂ ಹೆಚ್ಚು ಹೂಡಿಕೆದಾರರಿಂದ ಸುಮಾರು ₹1,000 ಕೋಟಿ ಸಂಗ್ರಹಿಸಿತು. ಬಳಿಕ ಅದರ ಯುನಿಟ್‌ಗಳು ಹಲವು ವರ್ಷಗಳ ಕಾಲ ಎನ್‌ಎವಿಗಿಂತ ಕಡಿಮೆ ಬೆಲೆಗೆ ಮಾರಾಟವಾದವು. ನಡುವೆ ಹಣದ ಅಗತ್ಯ ಬಿದ್ದವರು ನಿಧಿಯ ಆಸ್ತಿಯಲ್ಲಿ ತಮಗಿದ್ದ ಪಾಲಿನ ಪೂರ್ಣ ಮೌಲ್ಯವನ್ನು ಪಡೆಯಲಾಗಲಿಲ್ಲ. 2009ರಲ್ಲಿ ಅವಧಿ ಮುಗಿದು ನಿಧಿಯು ಓಪನ್ ಎಂಡೆಡ್ ಆದಾಗ ಈ ಅಂತರ ಇಲ್ಲವಾಯಿತು.

ವಿಭಜಿತ ಷೇರು ನಿಧಿಯ ಕಾರ್ಯವಿಧಾನ

ಒಂದು ಉದಾಹರಣೆಯಿಂದ ಇದನ್ನು ವಿವರಿಸಬಹುದು. ನಿಧಿಯೊಂದು ₹200 ಮೌಲ್ಯದ ಷೇರುಗಳನ್ನು ಹೊಂದಿದೆ ಎನ್ನೋಣ. ಅದರ ಎದುರಿಗೆ ₹100ರ ಒಂದು ಆದ್ಯತಾ ಷೇರನ್ನೂ ₹100ರ ಒಂದು ಬಂಡವಾಳ ಷೇರನ್ನೂ ಅದು ನೀಡಿದೆ. ಆದ್ಯತಾ ಷೇರಿಗೆ ವರ್ಷಕ್ಕೆ ₹6 ಲಾಭಾಂಶ ಮತ್ತು ಅವಧಿಯ ಕೊನೆಯಲ್ಲಿ ಮೊದಲು ₹100 ಸಲ್ಲಬೇಕು. ಉಳಿದುದು ಬಂಡವಾಳ ಷೇರಿನದು.

ಆಸ್ತಿಯ ಮೌಲ್ಯ ಶೇ 25ರಷ್ಟು ಏರಿ ₹250 ಆದರೆ ಆದ್ಯತಾ ಷೇರಿಗೆ ₹100, ಬಂಡವಾಳ ಷೇರಿಗೆ ₹150.
ಶೇ 25ರಷ್ಟು ಇಳಿದು ₹150 ಆದರೆ ಆದ್ಯತಾ ಷೇರಿಗೆ ₹100, ಬಂಡವಾಳ ಷೇರಿಗೆ ₹50.
ಶೇ 55ರಷ್ಟು ಇಳಿದು ₹90 ಆದರೆ ಆದ್ಯತಾ ಷೇರಿಗೆ ₹90, ಬಂಡವಾಳ ಷೇರಿಗೆ ಏನೂ ಇಲ್ಲ.

ಬಂಡವಾಳ ಷೇರಿನವನು ಆದ್ಯತಾ ಷೇರಿನವನಿಂದ ಸಾಲ ಪಡೆದು ಹೂಡಿದಂತೆಯೇ ಇದು. ಏರಿಕೆಯೂ ಇಳಿಕೆಯೂ ಅವನಿಗೆ ಇಮ್ಮಡಿಯಾಗಿ ತಟ್ಟುತ್ತವೆ. ಮೇಲಿನ ನಿಧಿಯ ಷೇರುಗಳಿಂದ ಶೇ 3ರಷ್ಟು ಲಾಭಾಂಶ ಬಂದರೆ ಒಟ್ಟು ₹6 ಆಯಿತು. ಅದು ಆದ್ಯತಾ ಷೇರಿಗೆ ಮಾತ್ರ ಸಾಲುತ್ತದೆ. ಬಂಡವಾಳ ಷೇರಿಗೂ ವರ್ಷಕ್ಕೆ ₹10 ಹಂಚುವುದಾಗಿ ನಿಧಿಯು ಹೇಳಿದ್ದರೆ, ಆ ಹಣವೂ ನಿರ್ವಹಣಾ ಶುಲ್ಕವೂ ಷೇರುಗಳ ಬೆಲೆಯೇರಿಕೆಯಿಂದ ಬರಬೇಕು, ಇಲ್ಲವೇ ಆಸ್ತಿ ಮಾರಿ ತರಬೇಕು. ಕೆನಡಾದಲ್ಲಿ ಆದ್ಯತಾ ಷೇರನ್ನು 10 ಡಾಲರ್‌ಗೂ ಬಂಡವಾಳ ಷೇರನ್ನು 15 ಡಾಲರ್‌ಗೂ ನೀಡುವ ರೂಢಿ ಹಲವು ನಿಧಿಗಳಲ್ಲಿದೆ. ಎರಡೂ ಸೇರಿದ ಎನ್‌ಎವಿ 15 ಡಾಲರ್‌ಗಿಂತ ಕೆಳಗಿಳಿದರೆ ಬಂಡವಾಳ ಷೇರಿನ ಹಂಚಿಕೆಯನ್ನು ನಿಲ್ಲಿಸಬೇಕೆಂಬ ನಿಬಂಧನೆಯೂ ಇಂತಹ ನಿಧಿಗಳಲ್ಲಿ ಸಾಮಾನ್ಯ. ಹೀಗಾಗಿ ಹೆಚ್ಚು ಶೇಕಡಾವಾರು ಹಂಚಿಕೆ ತೋರಿಸುವ ಷೇರೇ ಮಾರುಕಟ್ಟೆ ಕುಸಿದಾಗ ವರಮಾನ ನಿಲ್ಲಿಸುವ ಷೇರೂ ಆಗುತ್ತದೆ.

ಬ್ರಿಟನ್‌ನಲ್ಲಿ ಈ ಬಗೆಯ ಟ್ರಸ್ಟುಗಳು 2001–02ರಲ್ಲಿ ಬಿಕ್ಕಟ್ಟಿಗೆ ಸಿಲುಕಿದವು. ಅನೇಕ ಟ್ರಸ್ಟುಗಳು ಬ್ಯಾಂಕ್ ಸಾಲವನ್ನೂ ಮಾಡಿದ್ದವು, ಒಂದು ಇನ್ನೊಂದರ ಷೇರುಗಳನ್ನೂ ಕೊಂಡಿದ್ದವು. ಒಂದು ಕುಸಿದಾಗ ಉಳಿದವೂ ಕುಸಿದವು. ಕಡಿಮೆ ಅಪಾಯದವು ಎಂಬ ನಂಬಿಕೆಯಿಂದ ಆದ್ಯತಾ ಷೇರು ಕೊಂಡಿದ್ದ ಸಾಮಾನ್ಯ ಜನರೂ ಹಣ ಕಳೆದುಕೊಂಡರು. 2004ರ ಡಿಸೆಂಬರ್‌ನಲ್ಲಿ 18 ಸಂಸ್ಥೆಗಳು ಒಟ್ಟು 19.4 ಕೋಟಿ ಪೌಂಡ್ ನೀಡಲು ನಿಯಂತ್ರಕರೊಂದಿಗೆ ಒಪ್ಪಂದ ಮಾಡಿಕೊಂಡವು.

ಹಂಚಿಕೆ ಮತ್ತು ಗಳಿಕೆ

ನಿಧಿಯು ಗಳಿಸಿದ್ದಕ್ಕಿಂತ ಹೆಚ್ಚು ಹಂಚಿದಾಗ ಏನಾಗುತ್ತದೆ ಎಂಬುದನ್ನು ಲೆಕ್ಕದಿಂದ ತಿಳಿಯಬಹುದು. ₹100 ಎನ್‌ಎವಿಯ ನಿಧಿಯೊಂದು ವೆಚ್ಚ ಕಳೆದು ವರ್ಷಕ್ಕೆ ಶೇ 6 ಗಳಿಸುತ್ತದೆ, ಆದರೆ ವರ್ಷಾಂತ್ಯದಲ್ಲಿ ಪ್ರತಿ ಯುನಿಟ್‌ಗೆ ತಪ್ಪದೆ ₹10 ಹಂಚುತ್ತದೆ ಎಂದಿಟ್ಟುಕೊಂಡರೆ ಉಳಿಯುವ ಮೌಲ್ಯ ಹೀಗಿರುತ್ತದೆ:

1ನೆಯ ವರ್ಷದ ಕೊನೆಗೆ: ₹96.00
2ನೆಯ ವರ್ಷದ ಕೊನೆಗೆ: ₹91.76
3ನೆಯ ವರ್ಷದ ಕೊನೆಗೆ: ₹87.27
4ನೆಯ ವರ್ಷದ ಕೊನೆಗೆ: ₹82.50
5ನೆಯ ವರ್ಷದ ಕೊನೆಗೆ: ₹77.45

ಹಂಚಿಕೆಯ ಮೊತ್ತ ಬದಲಾಗದೆ ಇರುವುದರಿಂದ ಹೂಡಿಕೆದಾರನಿಗೆ ಕೈಗೆ ಬರುವ ಹಣದಲ್ಲಿ ಯಾವ ವ್ಯತ್ಯಾಸವೂ ಕಾಣುವುದಿಲ್ಲ. ಅಸಲು ಮಾತ್ರ ಪ್ರತಿವರ್ಷ ಹಿಂದಿನ ವರ್ಷಕ್ಕಿಂತ ವೇಗವಾಗಿ ಕರಗುತ್ತದೆ. ಇದೇ ದರದಲ್ಲಿ ಮುಂದುವರಿದರೆ 16ನೆಯ ವರ್ಷದಲ್ಲಿ ಅಸಲು ಪೂರ್ತಿ ತೀರುತ್ತದೆ. 60ನೆಯ ವಯಸ್ಸಿನಲ್ಲಿ ನಿವೃತ್ತಿಯ ಇಡಿಗಂಟನ್ನು ಹೀಗೆ ತೊಡಗಿಸಿದವರಿಗೆ ವರಮಾನ ನಿಲ್ಲುವುದು 76ರ ಸುಮಾರಿಗೆ, ಅಂದರೆ ದುಡಿಯುವ ಶಕ್ತಿ ಕುಂದಿ ಔಷಧೋಪಚಾರದ ವೆಚ್ಚ ಹೆಚ್ಚುವ ಕಾಲಕ್ಕೆ. ಅಸಲನ್ನು ಅರಿತು ಸ್ವಲ್ಪಸ್ವಲ್ಪವಾಗಿ ಬಳಸುವುದು ತಪ್ಪೇನಲ್ಲ. ಅದನ್ನು ಬಡ್ಡಿಯೆಂದು ತಿಳಿದು ಖರ್ಚು ಮಾಡಿದಾಗ ತೊಂದರೆ ಉಂಟಾಗುತ್ತದೆ.

ಭಾರತದ ಮ್ಯೂಚುವಲ್ ಫಂಡ್‌ಗಳಲ್ಲಿ ಡಿವಿಡೆಂಡ್ ಎಂಬ ಹೆಸರು ಇಂತಹ ತಪ್ಪು ತಿಳಿವಳಿಕೆಗೆ ಎಡೆಮಾಡುತ್ತಿತ್ತು. ಹಂಚಿದ ಮೊತ್ತದಷ್ಟೇ ಎನ್‌ಎವಿ ಕಡಿಮೆಯಾಗುತ್ತದೆ ಎಂಬುದು ಅನೇಕರಿಗೆ ತಿಳಿದಿರಲಿಲ್ಲ. ಸೆಬಿಯ ಆದೇಶದಂತೆ 2021ರ ಏಪ್ರಿಲ್ 1ರಿಂದ ಡಿವಿಡೆಂಡ್ ಆಯ್ಕೆಯ ಹೆಸರು ಆದಾಯ ವಿತರಣೆ ಹಾಗೂ ಬಂಡವಾಳ ಹಿಂತೆಗೆತ ಎಂಬರ್ಥದ ಐಡಿಸಿಡಬ್ಲ್ಯು ಎಂದಾಯಿತು. ಹಂಚುವ ಮೊತ್ತದಲ್ಲಿ ಹೂಡಿಕೆದಾರನ ಸ್ವಂತ ಬಂಡವಾಳವೂ ಇರಬಹುದೆಂದು ಹೆಸರಿನಲ್ಲೇ ಸೂಚಿಸುವುದು ಇದರ ಉದ್ದೇಶ.

ಭಾರತದಲ್ಲಿನ ರೂಪಗಳು

ಸೆಬಿಯ ನಿಯಮಗಳಂತೆ ಮ್ಯೂಚುವಲ್ ಫಂಡ್‌ಗಳು ತಾತ್ಕಾಲಿಕ ನಗದು ಅಗತ್ಯಕ್ಕೆ ಮಾತ್ರ, ನಿವ್ವಳ ಆಸ್ತಿಯ ಶೇ 20ರವರೆಗೆ, ಆರು ತಿಂಗಳು ಮೀರದಂತೆ ಸಾಲ ಪಡೆಯಬಹುದು. ಅಮೆರಿಕದ ಕ್ಲೋಸ್ ಎಂಡೆಡ್ ಫಂಡ್‌ಗಳಂತೆ ದೀರ್ಘಕಾಲದ ಸಾಲ ಮಾಡಿ ಆದಾಯ ಹಿಗ್ಗಿಸಲು ಇಲ್ಲಿ ಅವಕಾಶವಿಲ್ಲ. ಭಾರತದಲ್ಲಿ ಆದಾಯಕ್ಕಾಗಿ ಬಳಕೆಯಲ್ಲಿರುವ ಮುಚ್ಚಿದ ಸ್ವರೂಪದ ನಿಧಿಗಳು ಮುಖ್ಯವಾಗಿ ಎರಡು ಬಗೆಯವು.

ಮೊದಲನೆಯದು ಎಫ್‌ಎಂಪಿ ಎಂದು ಕರೆಯಲಾಗುವ ಫಿಕ್ಸೆಡ್ ಮೆಚ್ಯೂರಿಟಿ ಪ್ಲಾನ್. ತನ್ನ ಅವಧಿಯೊಳಗೆ ಮುಗಿಯುವ ಸಾಲಪತ್ರಗಳನ್ನು ಕೊಂಡು ಕೊನೆಯವರೆಗೆ ಇಟ್ಟುಕೊಳ್ಳುವುದು ಇದರ ಕ್ರಮ. ಬಡ್ಡಿದರದ ಏರಿಳಿತ ಇದನ್ನು ಹೆಚ್ಚು ಬಾಧಿಸುವುದಿಲ್ಲ, ಆದರೆ ಸಾಲ ಪಡೆದ ಕಂಪನಿ ತೀರಿಸದಿದ್ದರೆ ನಷ್ಟ ತಪ್ಪದು. 2019ರ ಏಪ್ರಿಲ್‌ನಲ್ಲಿ ಎಸ್ಸೆಲ್ ಸಮೂಹದ ಸಾಲಪತ್ರಗಳಿದ್ದ ಕೆಲವು ಎಫ್‌ಎಂಪಿಗಳು ಮುಕ್ತಾಯದ ದಿನ ಪೂರ್ಣ ಹಣ ನೀಡಲಾಗಲಿಲ್ಲ. 2023ರ ಏಪ್ರಿಲ್ 1ರ ನಂತರ ಕೊಂಡ ಇಂತಹ ಸಾಲಪತ್ರ ನಿಧಿಗಳ ಲಾಭಕ್ಕೆ ಹೂಡಿಕೆದಾರನ ಆದಾಯದ ಹಂತಕ್ಕೆ ತಕ್ಕ ತೆರಿಗೆ ಅನ್ವಯಿಸುವುದರಿಂದ ಇವುಗಳಿಗೆ ಹಿಂದಿದ್ದ ತೆರಿಗೆ ಅನುಕೂಲ ಉಳಿದಿಲ್ಲ.

ಎರಡನೆಯದು ರೀಟ್ ಮತ್ತು ಇನ್ವಿಟ್ ಎಂಬ ಟ್ರಸ್ಟುಗಳು. ರೀಟ್‌ಗಳು ಬಾಡಿಗೆ ತರುವ ಕಟ್ಟಡಗಳನ್ನೂ ಇನ್ವಿಟ್‌ಗಳು ರಸ್ತೆ, ವಿದ್ಯುತ್ ಪ್ರಸರಣ ಮಾರ್ಗ ಮುಂತಾದ ಮೂಲಸೌಕರ್ಯವನ್ನೂ ಹೊಂದಿರುತ್ತವೆ. ಇವು ಮ್ಯೂಚುವಲ್ ಫಂಡ್‌ಗಳಲ್ಲ. ಆದರೆ ಯುನಿಟ್‌ಗಳನ್ನು ವಿನಿಮಯ ಕೇಂದ್ರದಲ್ಲಿ ಮಾತ್ರ ಮಾರಬಹುದಾದ್ದರಿಂದ ಕ್ಲೋಸ್ ಎಂಡೆಡ್ ಫಂಡ್‌ನ ಗುಣಗಳೆಲ್ಲ ಇವುಗಳಲ್ಲಿವೆ. ಹಂಚಬಹುದಾದ ನಗದಿನಲ್ಲಿ ಕನಿಷ್ಠ ಶೇ 90ನ್ನು ಯುನಿಟ್‌ದಾರರಿಗೆ ಹಂಚಬೇಕೆಂಬುದು ನಿಯಮ. ನಿಗದಿತ ಮಿತಿಯೊಳಗೆ ಇವು ಸಾಲ ಮಾಡಬಹುದು. ದೇಶದ ಮೊದಲ ರೀಟ್ ಆದ ಬೆಂಗಳೂರಿನ ಎಂಬೆಸಿ ಆಫೀಸ್ ಪಾರ್ಕ್ಸ್ ರೀಟ್ ಪ್ರತಿ ಯುನಿಟ್‌ಗೆ ₹300ರಂತೆ ನೀಡಿಕೆ ಮಾಡಿ 2019ರ ಏಪ್ರಿಲ್‌ನಲ್ಲಿ ಷೇರುಪೇಟೆಯನ್ನು ಪ್ರವೇಶಿಸಿತು.

ಷೇರುಪೇಟೆಗೆ ಬಂದ ಮೊದಲ ಇನ್ವಿಟ್ ಐಆರ್‌ಬಿ ಇನ್ವಿಟ್ ಫಂಡ್. 2017ರ ಮೇ ತಿಂಗಳಲ್ಲಿ ಅದರ ಯುನಿಟ್‌ನ ನೀಡಿಕೆ ಬೆಲೆ ₹102 ಇತ್ತು. ಅದರ ರಸ್ತೆಗಳಲ್ಲಿ ತುಮಕೂರು–ಚಿತ್ರದುರ್ಗ ಹೆದ್ದಾರಿಯೂ ಒಂದು. ನಿಪ್ಪಾಣಿ, ಬೆಳಗಾವಿಗಳ ಮೂಲಕ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 48ರ ಭಾಗವೇ ಅದು. ಇಂತಹ ರಸ್ತೆಯಲ್ಲಿ ಟೋಲ್ ಸಂಗ್ರಹಿಸುವ ಹಕ್ಕು ನಿಗದಿತ ವರ್ಷಗಳಿಗೆ ಮಾತ್ರ ಇರುತ್ತದೆ. ಅವಧಿ ಮುಗಿದ ಮೇಲೆ ರಸ್ತೆ ಸರ್ಕಾರಕ್ಕೆ ಮರಳುತ್ತದೆ, ಟ್ರಸ್ಟಿನ ಬಳಿ ಮಾರಲು ಏನೂ ಉಳಿಯುವುದಿಲ್ಲ. ಆದ್ದರಿಂದ ಟೋಲ್ ರಸ್ತೆಯ ಇನ್ವಿಟ್ ಹಂಚುವ ಪ್ರತಿ ಕಂತಿನಲ್ಲಿಯೂ ಅಸಲಿನ ಅಂಶ ಸೇರಿರುತ್ತದೆ. ಈ ಯುನಿಟ್‌ನ ಬೆಲೆ 2020ರ ಮಾರುಕಟ್ಟೆ ಕುಸಿತದಲ್ಲಿ ನೀಡಿಕೆ ಬೆಲೆಯ ಅರ್ಧಕ್ಕಿಂತ ಕೆಳಗಿಳಿದಿತ್ತು. ಪವರ್‌ಗ್ರಿಡ್ ಇನ್ವಿಟ್ 2021ರ ಮೇ ತಿಂಗಳಲ್ಲಿ ₹100ರ ನೀಡಿಕೆ ಬೆಲೆಯೊಂದಿಗೆ ಬಂದು, ವರ್ಷಕ್ಕೆ ₹12ರಂತೆ ಹಂಚಿಕೆ ಮಾಡಿತು. ಆರಂಭದಲ್ಲಿ ಏರಿದ್ದ ಅದರ ಬೆಲೆಯೂ ಮುಂದೆ ₹100ಕ್ಕಿಂತ ಕೆಳಗಿಳಿಯಿತು. ಇಂತಹ ಟ್ರಸ್ಟುಗಳ ಪ್ರತಿಫಲವನ್ನು ಅಳೆಯುವಾಗ ಕೈಗೆ ಬಂದ ಕಂತುಗಳನ್ನೂ ಬೆಲೆಯಲ್ಲಾದ ಇಳಿಕೆಯನ್ನೂ ಒಟ್ಟಿಗೆ ಎಣಿಸಬೇಕು.

ಕಬ್ಬು ಬೆಳೆಯುವ ಪ್ರದೇಶಗಳಲ್ಲಿ ಕುಳೆ ಬೆಳೆಯ ಉದಾಹರಣೆಯಿಂದ ಇದನ್ನು ಸುಲಭವಾಗಿ ಗ್ರಹಿಸಬಹುದು. ಒಮ್ಮೆ ನಾಟಿ ಮಾಡಿದ ಕಬ್ಬು ಕಟಾವಿನ ನಂತರ ಮತ್ತೆ ಚಿಗುರುತ್ತದೆ. ಆದರೆ ಕುಳೆಯಿಂದ ಕುಳೆಗೆ ಇಳುವರಿ ತಗ್ಗಿ, ಕೊನೆಗೆ ಹೊಸದಾಗಿ ನಾಟಿ ಮಾಡಬೇಕಾಗುತ್ತದೆ. ಅದಕ್ಕೆ ಬೇಕಾದ ಹಣವನ್ನು ರೈತ ಮೊದಲೇ ತೆಗೆದಿಡುತ್ತಾನೆ. ಅವಧಿ ಮುಗಿಯುವ ಆಸ್ತಿಯಿಂದ ವರಮಾನ ಪಡೆಯುವವರೂ ಅದರ ಒಂದು ಭಾಗವನ್ನು ಹಾಗೆಯೇ ತೆಗೆದಿಡಬೇಕಾಗುತ್ತದೆ.

ಓಪನ್ ಎಂಡೆಡ್ ಫಂಡ್ ಮುಚ್ಚಿದ ಪ್ರಸಂಗ

ಬಾಗಿಲು ತೆರೆದಿದೆ ಎಂಬ ಕಾರಣಕ್ಕೆ ಓಪನ್ ಎಂಡೆಡ್ ಫಂಡ್ ಯಾವಾಗಲೂ ಸುರಕ್ಷಿತ ಎನ್ನುವಂತಿಲ್ಲ. ಯುಎಸ್-64 ಯೋಜನೆಯ ಮಾರಾಟ ಮತ್ತು ಮರುಖರೀದಿಯನ್ನು 2001ರ ಜುಲೈಯಲ್ಲಿ ಸ್ಥಗಿತಗೊಳಿಸಲಾಯಿತು. ಬಳಿಕ ಸಂಸತ್ತು 2002ರಲ್ಲಿ ಯುಟಿಐ ಕಾಯ್ದೆಯನ್ನು ರದ್ದುಗೊಳಿಸಿತು. ಯುಎಸ್-64 ಮತ್ತು ಖಚಿತ ಪ್ರತಿಫಲದ ಯೋಜನೆಗಳ ಹೊಣೆ ಸರ್ಕಾರ ರೂಪಿಸಿದ ಪ್ರತ್ಯೇಕ ವ್ಯವಸ್ಥೆಗೆ ಹೋಯಿತು.

2020ರ ಏಪ್ರಿಲ್ 23ರಂದು ಫ್ರ್ಯಾಂಕ್ಲಿನ್ ಟೆಂಪಲ್‌ಟನ್ ಮ್ಯೂಚುವಲ್ ಫಂಡ್ ತನ್ನ ಆರು ಸಾಲಪತ್ರ ಯೋಜನೆಗಳನ್ನು ಮುಚ್ಚುವುದಾಗಿ ಪ್ರಕಟಿಸಿತು. ಸುಮಾರು ₹25,000 ಕೋಟಿ ಹಣ ಸಿಲುಕಿತು. ಯುನಿಟ್‌ದಾರರ ಸರಳ ಬಹುಮತದ ಒಪ್ಪಿಗೆಯಿಲ್ಲದೆ ಯೋಜನೆಗಳನ್ನು ಮುಚ್ಚುವಂತಿಲ್ಲ ಎಂದು ಕರ್ನಾಟಕ ಹೈಕೋರ್ಟ್ 2020ರ ಅಕ್ಟೋಬರ್ 24ರಂದು ತೀರ್ಪು ನೀಡಿತು. ಒಪ್ಪಿಗೆ ಅಗತ್ಯವೆಂಬ ಈ ನಿಲುವನ್ನು ಸುಪ್ರೀಂ ಕೋರ್ಟ್ 2021ರ ಜುಲೈಯಲ್ಲಿ ಎತ್ತಿಹಿಡಿಯಿತು. ಹೂಡಿಕೆದಾರರಿಗೆ ಹಣ ಕಂತುಗಳಲ್ಲಿ ಮರಳಿತು. ಸುಲಭವಾಗಿ ಮಾರಲಾಗದ ಸಾಲಪತ್ರಗಳನ್ನು ಓಪನ್ ಎಂಡೆಡ್ ರೂಪದಲ್ಲಿ ಇಟ್ಟುಕೊಂಡಾಗ ಒದಗುವ ಅಪಾಯಕ್ಕೆ ಈ ಪ್ರಕರಣ ನಿದರ್ಶನವಾಗಿದೆ.

ಇತರ ಆದಾಯ ಮೂಲಗಳೊಂದಿಗೆ ಹೋಲಿಕೆ

ಗ್ರಾಮೀಣ ಮತ್ತು ಸಣ್ಣ ಪಟ್ಟಣಗಳ ನಿವೃತ್ತರ ಮುಂದೆ ಬ್ಯಾಂಕ್ ಠೇವಣಿ, ಅಂಚೆ ಕಚೇರಿಯ ಯೋಜನೆಗಳು ಮತ್ತು ಸಹಕಾರಿ ಸಂಘದ ಠೇವಣಿ ಎಂಬ ಆಯ್ಕೆಗಳಿರುತ್ತವೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳನ್ನೊಳಗೊಂಡ ಕೃಷ್ಣಾ ತೀರದ ಭಾಗದಲ್ಲಿ ಪತ್ತಿನ ಸಹಕಾರಿ ಸಂಘಗಳು ಅಂಕಲಿಯಂತಹ ಊರುಗಳ ದೈನಂದಿನ ವ್ಯವಹಾರದೊಂದಿಗೆ ಬೆರೆತಿವೆ.

ಅಂಚೆ ಕಚೇರಿಯ ಮಾಸಿಕ ಆದಾಯ ಯೋಜನೆಯಲ್ಲಿ 2023ರ ಏಪ್ರಿಲ್‌ನಿಂದ ಒಬ್ಬರು ₹9 ಲಕ್ಷದವರೆಗೆ, ಜಂಟಿಯಾಗಿ ₹15 ಲಕ್ಷದವರೆಗೆ ತೊಡಗಿಸಬಹುದು. ಹಿರಿಯ ನಾಗರಿಕರ ಉಳಿತಾಯ ಯೋಜನೆಯ ಮಿತಿ ₹30 ಲಕ್ಷ. ಆ ತಿಂಗಳಿನಿಂದ ಇವುಗಳ ಬಡ್ಡಿದರ ಕ್ರಮವಾಗಿ ಶೇ 7.4 ಮತ್ತು ಶೇ 8.2 ಆಯಿತು. ದರಗಳನ್ನು ಸರ್ಕಾರ ಮೂರು ತಿಂಗಳಿಗೊಮ್ಮೆ ಪರಿಶೀಲಿಸುತ್ತದೆಯಾದರೂ ಹೂಡಿಕೆ ಮಾಡಿದ ದಿನದ ದರವೇ ಅವಧಿಯುದ್ದಕ್ಕೂ ನಡೆಯುತ್ತದೆ. ಬರುವುದೆಲ್ಲ ಬಡ್ಡಿಯೇ ಆಗಿದ್ದು ಅಸಲು ಹಾಗೆಯೇ ಇರುತ್ತದೆ. ಬೆಲೆಯೇರಿಕೆಯಿಂದ ಅಸಲಿನ ಕೊಳ್ಳುವ ಶಕ್ತಿ ಕುಗ್ಗುವುದು ಇವುಗಳ ಮಿತಿ.

ಬ್ಯಾಂಕ್ ಠೇವಣಿಗೆ, ಸಹಕಾರಿ ಬ್ಯಾಂಕುಗಳದ್ದೂ ಸೇರಿದಂತೆ, 2020ರ ಫೆಬ್ರವರಿಯಿಂದ ₹5 ಲಕ್ಷದವರೆಗೆ ಠೇವಣಿ ವಿಮೆಯ ರಕ್ಷಣೆಯಿದೆ. ಪತ್ತಿನ ಸಹಕಾರಿ ಸಂಘಗಳಿಗೂ 1997ರ ಕಾಯ್ದೆಯಡಿಯ ಸೌಹಾರ್ದ ಪತ್ತಿನ ಸಹಕಾರಿಗಳಿಗೂ ಈ ವಿಮೆ ಅನ್ವಯಿಸುವುದಿಲ್ಲ. ಹೆಸರು ಮತ್ತು ಕಚೇರಿ ಬ್ಯಾಂಕಿನಂತೆ ಕಂಡರೂ ಇವೆರಡರ ನಡುವಿನ ಈ ಅಂತರ ದೊಡ್ಡದು. ಕ್ಲೋಸ್ ಎಂಡೆಡ್ ಫಂಡ್, ರೀಟ್ ಮತ್ತು ಇನ್ವಿಟ್‌ಗಳಿಗೂ ಯಾವುದೇ ವಿಮೆಯಿಲ್ಲ. ಆದರೆ ಅವುಗಳ ಆಸ್ತಿಯ ವಿವರ ಮತ್ತು ಬೆಲೆ ನಿಯಮಿತವಾಗಿ ಪ್ರಕಟವಾಗುತ್ತವೆ.

ಮೌಲ್ಯಮಾಪನದ ಅಂಶಗಳು

ಆದಾಯಕ್ಕಾಗಿ ಇಂತಹ ನಿಧಿಯನ್ನು ಪರಿಶೀಲಿಸುವಾಗ ಸಾಮಾನ್ಯವಾಗಿ ಗಮನಿಸುವ ಅಂಶಗಳು ಇವು:

ಹಂಚಿಕೆಯ ಮೂಲ: ರೀಟ್ ಮತ್ತು ಇನ್ವಿಟ್‌ಗಳು ಪ್ರತಿ ಹಂಚಿಕೆಯಲ್ಲಿ ಬಡ್ಡಿ, ಲಾಭಾಂಶ ಮತ್ತು ಸಾಲ ಮರುಪಾವತಿಯ ಪಾಲು ಎಷ್ಟೆಂದು ತಿಳಿಸುತ್ತವೆ. ಸಾಲ ಮರುಪಾವತಿಯ ಪಾಲು ಬಹುಮಟ್ಟಿಗೆ ಬಂಡವಾಳದ ವಾಪಸಾತಿಯಾಗಿರುತ್ತದೆ.

ಎನ್‌ಎವಿಯ ನಡೆ: ಐದಾರು ವರ್ಷಗಳಲ್ಲಿ ಎನ್‌ಎವಿ ಸತತವಾಗಿ ಇಳಿಯುತ್ತಿದ್ದರೆ ಹಂಚಿಕೆಯು ಗಳಿಕೆಯನ್ನು ಮೀರಿರಬಹುದು.

ಬೆಲೆ ಮತ್ತು ಎನ್‌ಎವಿಯ ಅಂತರ: ಪ್ರೀಮಿಯಂ ತೆತ್ತು ಕೊಂಡರೆ ಆಸ್ತಿಯ ಮೌಲ್ಯ ಇಳಿಯದಿದ್ದರೂ ನಷ್ಟವಾಗಬಹುದು.

ಸಾಲದ ಪ್ರಮಾಣ: ಸಾಲ ಹೆಚ್ಚಿದಷ್ಟೂ ಬಡ್ಡಿದರ ಏರಿದಾಗ ಯುನಿಟ್‌ದಾರನಿಗೆ ಉಳಿಯುವುದು ಕಡಿಮೆ. ವಿಭಜಿತ ಷೇರು ನಿಧಿಯಲ್ಲಿ ಆದ್ಯತಾ ಷೇರಿನ ಮೊತ್ತವನ್ನೂ ಸಾಲವೆಂದೇ ಎಣಿಸಬೇಕು.

ಆಸ್ತಿಯ ಆಯುಷ್ಯ: ಬಾಡಿಗೆ ಕಟ್ಟಡಕ್ಕೂ ಟೋಲ್ ರಸ್ತೆಗೂ ಈ ವಿಷಯದಲ್ಲಿ ಹೋಲಿಕೆಯಿಲ್ಲ.

ವಹಿವಾಟು: ಮನೆಯ ಅಗತ್ಯಕ್ಕೆ ಹಠಾತ್ತನೆ ಹಣ ಬೇಕಾದಾಗ ಕೊಳ್ಳುವವರು ಇರುತ್ತಾರೆಯೇ ಎಂಬುದನ್ನು ದೈನಂದಿನ ವಹಿವಾಟಿನ ಪ್ರಮಾಣ ಸೂಚಿಸುತ್ತದೆ.

ತೆರಿಗೆ: 2020ರ ಏಪ್ರಿಲ್‌ನಿಂದ ಮ್ಯೂಚುವಲ್ ಫಂಡ್‌ಗಳ ಹಂಚಿಕೆಗೆ ಹೂಡಿಕೆದಾರನೇ ತನ್ನ ಹಂತಕ್ಕೆ ತಕ್ಕ ತೆರಿಗೆ ಕೊಡಬೇಕು. ಹಂಚಿಕೆಯಲ್ಲಿ ತನ್ನ ಅಸಲೇ ಮರಳಿದ್ದರೂ ಈ ತೆರಿಗೆ ತಪ್ಪುವುದಿಲ್ಲ.

ಇವನ್ನೂ ನೋಡಿ

ಮ್ಯೂಚುವಲ್ ಫಂಡ್
ಭಾರತೀಯ ಷೇರುಪೇಟೆ ನಿಯಂತ್ರಣ ಮಂಡಳಿ
ಸಹಕಾರಿ ಸಂಘ
ಅಂಚೆ ಕಚೇರಿ ಉಳಿತಾಯ ಯೋಜನೆಗಳು